ಔಟಾಗದ ದೊರೆ ಮತ್ತು ನಮ್ಮ ಭಾನುವಾರದ ಮೈದಾನ

ನಮ್ಮ ಕ್ರಿಕೆಟ್ ಕ್ಲಬ್ಬಿನ ಏಳು ವರ್ಷದ ಕಾಗದಪತ್ರಗಳನ್ನು ನಾವೇ ಹಾಳು ಮಾಡಿದೆವು. ಗ್ರೀನ್ ಕಾರ್ಡ್ ಅರ್ಜಿಯ ಪ್ರತಿಯನ್ನು ಮೂರು ಕಡೆ ಬಚ್ಚಿಡುವ ಎಂಜಿನಿಯರುಗಳು, ಡಾಕ್ಟರುಗಳು ಒಂದು ಸ್ಕೋರ್‌ಶೀಟನ್ನು ನೆಟ್ಟಗೆ ಇಟ್ಟುಕೊಳ್ಳಲಿಲ್ಲ. ಅದರಿಂದ ನ್ಯೂಜೆರ್ಸಿಯಲ್ಲಿ ನಮಗಿದ್ದ ಒಂದೇ ಒಂದು ಮೈದಾನ ಕೈತಪ್ಪಿ ಹೋಗುವುದರಲ್ಲಿತ್ತು. ಹಳೇ ಕಾಗದದ ಸಹವಾಸ ಮಾಡಿದವನಿಗೆ ಇಂಥ ಫಜೀತಿಗಳು ತಪ್ಪಿದ್ದಲ್ಲ. ನೆನಪಿರುವಷ್ಟು ಹೇಳುತ್ತೇನೆ.

ಕೆಲಸ ಸಿಕ್ಕಿದ್ದು

ಎಂಬತ್ತರ ದಶಕದಲ್ಲಿ ನಾನು ಪಾರ್ಸಿಪನಿಯ ಒಂದು ಕಂಪನಿಯಲ್ಲಿ ಪಂಪುಗಳ ಡ್ರಾಯಿಂಗ್ ಮಾಡುತ್ತಿದ್ದೆ. ಶನಿವಾರ ಮನೆಯಲ್ಲಿ ಕೂತು ಬೇಜಾರು. ಹತ್ತಿರದ ಐರಿಶ್ ಸಂಘದ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು: ಹಳೆಯ ಕೈಬರಹ ಓದಬಲ್ಲವರು ಬೇಕು. ಒಳಗೆ ಹೋದೆ. ಐರ್ಲೆಂಡಿನ ಒಂದು ಜಮೀನ್ದಾರ ಮನೆತನದ ಟ್ರಂಕುಗಳು ಯಾವುದೋ ಮೊಮ್ಮಗನ ಜೊತೆ ಹಡಗು ಹತ್ತಿ ಬಂದು ಅಲ್ಲಿನ ನೆಲಮಾಳಿಗೆಯಲ್ಲಿ ಕೂತಿದ್ದವು. ಅವನ್ನು ನೋಡಿಕೊಳ್ಳುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ಐರಿಶ್ ಅಜ್ಜಿ.

ಆಕೆ ಒಂದು ಪತ್ರ ಕೊಟ್ಟರು. ಮಳೆಯಲ್ಲಿ ನೆನೆದ ಇರುವೆಗಳು ಸಾಲಾಗಿ ಹೋದಂತಿತ್ತು ಬರಹ. ನಾನು ಸರಸರ ಓದಿ ಮುಗಿಸಿದೆ.

"ಇದನ್ನು ಎಲ್ಲಿ ಕಲಿತೆ? ಯಾವ ಯೂನಿವರ್ಸಿಟಿ?" ಅಂದರು.

"ಎಲ್ಲೂ ಕಲಿತಿಲ್ಲ. ನಮ್ಮ ತಾತ ಶಾನುಭೋಗರು. ಮೈಸೂರು ಸೀಮೆಯ ಪಹಣಿ ಓದಿದವನಿಗೆ ಇದು ಅಚ್ಚಾದ ಪುಸ್ತಕ ಇದ್ದಂತೆ."

ಮುಂದಿನ ವಾರ ಆಕೆ ತಮ್ಮ ಡಾಕ್ಟರು ಬರೆದ ಔಷಧಿ ಚೀಟಿಯನ್ನೂ ನನ್ನ ಹತ್ತಿರವೇ ಓದಿಸಿಕೊಂಡರು.

ಕಣ್ಣಿಗೊತ್ತಿಕೊಂಡದ್ದು

ಒಂದು ಶನಿವಾರ ಪೆಟ್ಟಿಗೆ ಜಾರಿ ಪತ್ರಗಳೆಲ್ಲ ನೆಲಕ್ಕೆ ಬಿದ್ದವು. ಗಡಿಬಿಡಿಯಲ್ಲಿ ಆ ಮನೆತನದ ಹಳೇ ಜಮೀನ್ದಾರ ದೊರೆಯ ಒಂದು ಪತ್ರವನ್ನು ತುಳಿದುಬಿಟ್ಟೆ. ಕೂಡಲೇ ಎತ್ತಿ ಎರಡೂ ಕಣ್ಣಿಗೊತ್ತಿಕೊಂಡೆ. ಯೋಚನೆ ಮಾಡಿ ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು.

ಅಜ್ಜಿ ಕನ್ನಡಕ ಇಳಿಸಿ ನೋಡಿದರು. "ಏನದು?"

"ಕಾಗದ ಅಂದರೆ ನಮಗೆ ವಿದ್ಯೆ. ಕಾಲು ತಗುಲಿದರೆ ಕ್ಷಮೆ ಕೇಳಬೇಕು."

ಆಕೆ ಪತ್ರ ಇಸಿದುಕೊಂಡು ಕೆಳಗಿನ ಸಹಿ ನೋಡಿದರು. ಮತ್ತೆ ಅದನ್ನು ನೆಲದ ಮೇಲೆ ಮೆಲ್ಲಗೆ ಇಟ್ಟರು.

"ಈ ಮನುಷ್ಯ ನಮ್ಮ ಮುತ್ತಜ್ಜಿಯನ್ನು ಮಕ್ಕಳ ಸಮೇತ ಮನೆಯಿಂದ ಹೊರಗೆ ಹಾಕಿದವನು. ಇನ್ನೊಂದು ಸಲ ತುಳಿ. ಆಮೇಲೆ ಫೋಲ್ಡರಿಗೆ ಹಾಕೋಣ."

ಗಾಳಿಗೆ ಬಿದ್ದ ಬೇಲ್ಸ್

ಆ ದೊರೆಗೆ ಕ್ರಿಕೆಟ್ ಹುಚ್ಚು. ತನ್ನ ಜಮೀನಿನಲ್ಲೇ ಕ್ಲಬ್ಬು ಕಟ್ಟಿಸಿದ್ದ. ಅದರ ಸ್ಕೋರ್‌ಬುಕ್ಕು ಸಿಕ್ಕಿತು. ಮ್ಯಾಚಿನ ಮೇಲೆ ಮ್ಯಾಚು ದೊರೆ ನಾಟ್ ಔಟ್. ಮೂರು ಕಡೆ ಮೊದಲು 'ಬೌಲ್ಡ್' ಎಂದು ಬರೆದು, ಹೊಡೆದು ಹಾಕಿ, ಪಕ್ಕದಲ್ಲಿ 'ಗಾಳಿಗೆ ಬೇಲ್ಸ್ ಬಿದ್ದವು' ಎಂದು ಬರೆದಿದ್ದರು. ಅಂಪೈರು ಯಾರು ಎಂದು ನೋಡಿದರೆ ಅವನ ಸಾರೋಟಿನವನು.

ಅದೇ ಪೆಟ್ಟಿಗೆಯ ತಳದಲ್ಲಿ ಒಂದು ಚಿಕ್ಕ ಪುಸ್ತಕ. ದೊರೆಯ ಒಕ್ಕಲುಗಳು ಹರ್ಲಿಂಗ್ ಆಡಲು ಕಟ್ಟಿಕೊಂಡಿದ್ದ ಕ್ಲಬ್ಬಿನದು. ಹರ್ಲಿಂಗ್ ಅಂದರೆ ಕೋಲು ಚೆಂಡಿನ ಅವರ ನಾಡಿನ ಆಟ. ಮೊದಲ ಸಭೆಯ ಮೊದಲ ಠರಾವು: ದೊರೆ ಹೊಡೆದ ಚೆಂಡು ನಮ್ಮ ಹೊಲಕ್ಕೆ ಬಿದ್ದರೆ ಯಾರೂ ಹುಡುಕಿಕೊಡತಕ್ಕದ್ದಲ್ಲ. ಸರ್ವಾನುಮತ.

ನಮ್ಮ ಕ್ಲಬ್ಬಿನ ಕ್ಯಾಪ್ಟನ್ ಹೃದಯದ ಡಾಕ್ಟರು. ಪ್ರತಿ ಭಾನುವಾರದ ಬಿಸಿಬೇಳೆ ಬಾತು ಅವರ ಮನೆಯಿಂದಲೇ ಬರುವುದರಿಂದ ಅವರಿಗೆ ಔಟ್ ಕೊಡುವ ಅಂಪೈರು ಇನ್ನೂ ಹುಟ್ಟಿಲ್ಲ. ದೊರೆಯ ಕಥೆ ಹೇಳಿ ನಾನು ಬಿದ್ದು ಬಿದ್ದು ನಕ್ಕೆ. ಅವರು ನಗಲಿಲ್ಲ.

"ಗಾಳಿ ಜೋರಾಗಿದ್ರೆ ಬೇಲ್ಸ್ ಬೀಳೋದು ಸಹಜ ಕಣ್ರೀ," ಅಂದರು.

ಅಳತೆಗೆ ಸರಿಯಾಗಿ

ಅಷ್ಟರಲ್ಲಿ ಟೌನ್‌ಶಿಪ್ಪಿನಿಂದ, ಅಂದರೆ ಅಲ್ಲಿನ ಪುರಸಭೆಯಿಂದ, ಪತ್ರ ಬಂತು. ಸಾಫ್ಟ್‌ಬಾಲ್ ಆಡುವವರು ಭಾನುವಾರವೂ ಮೈದಾನ ತಮಗೇ ಬೇಕೆಂದು ಕೇಳಿದ್ದಾರೆ. ನೀವು ವರ್ಷಗಳಿಂದ ಬಿಡದೆ ಆಡುತ್ತಿದ್ದೀರಿ ಎಂಬುದಕ್ಕೆ ದಾಖಲೆ ತಂದರೆ ಭಾನುವಾರ ನಿಮ್ಮದು, ಇಲ್ಲದಿದ್ದರೆ ಅವರದು.

ನಾನು ಓಲ್ಡ್ ಬ್ರಿಡ್ಜ್ ಎಂಬ ಊರಿಗೆ, ನಮ್ಮ ಹಳೇ ಸೆಕ್ರೆಟರಿಯ ಮನೆಗೆ ಓಡಿದೆ. ಅವರು ಆಫೀಸಿನಲ್ಲಿದ್ದರು. ಅವರ ಹೆಂಡತಿ ಬಾಗಿಲು ತೆಗೆದರು.

"ಸ್ಕೋರ್‌ಶೀಟಾ? ಜೋಪಾನವಾಗಿದೆ ಬನ್ನಿ. ಮುಖ್ಯವಾದ ಕಾಗದ ಅಂತ ಇವರು ಹೇಳಿದ್ರು."

ನೇರ ಅಡುಗೆಮನೆಗೆ ಕರೆದುಕೊಂಡು ಹೋಗಿ ಕಪಾಟು ತೆಗೆದರು. ಉದ್ದಿನ ಬೇಳೆ, ಮೆಂತ್ಯ, ಸಾಸಿವೆ ಡಬ್ಬಗಳು ಸಾಲಾಗಿ ಕೂತಿದ್ದವು. ಕೆಳಗೆ ಹಾಸಿದ್ದು ನಮ್ಮ ಚರಿತ್ರೆ. ಊರಿನಲ್ಲಿ ಷೆಲ್ಫಿಗೆ ಹಳೇ ಪೇಪರು ಹಾಸುತ್ತೇವಲ್ಲ, ಹಾಗೆ.

ಒಂದೊಂದೇ ಡಬ್ಬ ಎತ್ತಿ ಹಾಳೆ ತೆಗೆದೆ. ಅರಿಶಿನದ ಕಲೆ ಬಿಟ್ಟರೆ ರನ್ನು, ವಿಕೆಟ್ಟು ಎಲ್ಲ ಸ್ಪಷ್ಟ. ತಾರೀಖು ಮಾತ್ರ ಯಾವುದರಲ್ಲೂ ಇಲ್ಲ. ತಾರೀಖು ಬರೆಯುತ್ತಿದ್ದದ್ದು ಹಾಳೆಯ ನೆತ್ತಿಯಲ್ಲಿ.

"ಮೇಲಿನ ತುದಿ ಏನಾಯಿತಮ್ಮ?"

"ಅದಾ? ಎರಡಿಂಚು ಉದ್ದ ಬರ್ತಿತ್ತು. ಕತ್ತರಿಸಿ ಹಾಕಿದೆ." ಆಮೇಲೆ ನನ್ನ ಮುಖ ನೋಡಿ ಸಮಾಧಾನ ಹೇಳಿದರು: "ನೋಡಿ, ಎಷ್ಟು ನೀಟಾಗಿ ಕತ್ತರಿಸಿದೀನಿ. ಒಂದು ಮೂಲೆನೂ ಸೊಟ್ಟ ಇಲ್ಲ."

ಸಾಕ್ಷಿ

ವಿಚಾರಣೆಯ ದಿನ ಐರಿಶ್ ಅಜ್ಜಿಯೂ ಟೋಪಿ ಹಾಕಿಕೊಂಡು ಬಂದು ನನ್ನ ಪಕ್ಕ ಕೂತರು. ನಾನು ಹಾಳೆಗಳನ್ನು ಮೇಜಿನ ಮೇಲೆ ಹರಡಿದೆ. ಅಧಿಕಾರಿ ಒಂದನ್ನು ಎತ್ತಿ ಮೂಸಿ ನೋಡಿದ.

"ಇದು ಯಾವ ವರ್ಷದ್ದು?"

"ಹೇಳಲಾರೆ," ಅಂದೆ. ಸುಳ್ಳು ಹೇಳುವುದು ನನ್ನ ಕೈಲಾಗುವುದಿಲ್ಲ. ನಮ್ಮ ಕ್ಯಾಪ್ಟನ್ ಕಣ್ಣು ಮುಚ್ಚಿಕೊಂಡರು. ಮೈದಾನ ಹೋಯಿತು ಅಂದುಕೊಂಡೆ.

ಆಗ ಸಾಫ್ಟ್‌ಬಾಲಿನ ಮುಖಂಡ ಎದ್ದ. ಅವನ ಕಂಕುಳಲ್ಲಿ ಒಂದು ದಪ್ಪ ಫೈಲು. ನಮ್ಮ ಮೇಲೆ ಟೌನ್‌ಶಿಪ್ಪಿಗೆ ತಾನು ಬರೆದ ದೂರುಗಳ ಪ್ರತಿಗಳನ್ನೆಲ್ಲ ಇಟ್ಟುಕೊಂಡಿದ್ದ. ಪ್ರತಿಯೊಂದಕ್ಕೂ ತಾರೀಖು, ಟೌನ್‌ಶಿಪ್ಪಿನದೇ ಮೊಹರು. ಒಂದೊಂದಾಗಿ ಓದತೊಡಗಿದ. ಈ ಭಾನುವಾರವೂ ಅದೇ ಜನ. ಈ ಭಾನುವಾರ ಪಾತ್ರೆ ಸಮೇತ ಬಂದಿದ್ದರು. ಈ ಭಾನುವಾರ ಊಟ ಮುಗಿಸಿ ಅಲ್ಲೇ ನಿದ್ದೆ ಮಾಡಿದರು.

ನಾನು ಆಕ್ಷೇಪಿಸಲು ಎದ್ದೆ. ಅಜ್ಜಿ ನನ್ನ ಕೋಟು ಹಿಡಿದು ಕೂರಿಸಿದರು. "ಸುಮ್ಮನಿರು. ಅವನು ಪೂರ್ತಿ ಓದಲಿ."

ಅವನು ಪೂರ್ತಿ ಓದಿದ. ಕೊನೆಗೆ ಬೆವರು ಒರೆಸಿಕೊಂಡು, "ಏಳು ವರ್ಷ, ಸರ್. ಏಳು ವರ್ಷದಲ್ಲಿ ಇವರು ಒಂದು ಭಾನುವಾರವನ್ನೂ ತಪ್ಪಿಸಿಲ್ಲ," ಅಂದ.

ಅಧಿಕಾರಿ ಫೈಲು ಇಸಿದುಕೊಂಡು, ಮೊಹರುಗಳನ್ನು ನೋಡಿ, ಭಾನುವಾರವನ್ನು ನಮಗೆ ಬರೆದುಕೊಟ್ಟ.

ಹೊರಗೆ ಬಂದ ಮೇಲೆ ನಮ್ಮ ಕ್ಯಾಪ್ಟನ್ ಆ ಮುಖಂಡನ ಕೈ ಕುಲುಕಿ, ನಮ್ಮ ಕ್ಲಬ್ಬಿಗೆ ಸೆಕ್ರೆಟರಿ ಆಗುತ್ತೀರಾ ಎಂದು ಕೇಳಿದರು. ಅವನು ತಮಾಷೆ ಅಂದುಕೊಂಡ. ಕ್ಯಾಪ್ಟನ್ ತಮಾಷೆ ಮಾಡಿರಲಿಲ್ಲ.

ಆ ಮೈದಾನದಲ್ಲಿ ಇವತ್ತಿಗೂ ಆಡುತ್ತೇವೆ, ಊಟ ಮಾಡುತ್ತೇವೆ, ಮಲಗುತ್ತೇವೆ. ಅಷ್ಟರಮಟ್ಟಿಗೆ ನಾನು ಸುಖಿ. ಆದರೆ ನಾವು ಇಲ್ಲಿ ಬದುಕಿದ್ದೆವು ಎಂಬುದನ್ನು ನಮ್ಮನ್ನು ಕಂಡರಾಗದವನು ಬರೆದಿಟ್ಟಿದ್ದ, ನಾವಲ್ಲ. ಪ್ರತಿ ಸಲವೂ ಅಂಥವನೊಬ್ಬ ಸಿಗುವುದಿಲ್ಲ. ಆದ್ದರಿಂದ ಈಗಲೇ ಏಳಿ. ನಿಮ್ಮ ಆಲ್ಬಮ್ಮಿನಿಂದ ಒಂದು ಫೋಟೋ ತೆಗೆಯಿರಿ. ಹಿಂಬದಿಯಲ್ಲಿ ಯಾರು, ಎಲ್ಲಿ, ಯಾವ ವರ್ಷ ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಅದಾದ ಮೇಲೆ ಇನ್ನೊಂದು ತೆಗೆಯಿರಿ.