ಮಾಸ್ತರರ ಕುಸುಬೆ, ಗಿರಣಿಯ ಕುಸುಬಿ

ಗಿರಿಮಲ್ಲಪ್ಪ ಮಾಸ್ತರರ ಹೊಟ್ಟೆಗೆ ಬೆಂಕಿ ಬಿದ್ದದ್ದು ಮೂರು ಹಸಿರು ಚೌಕಗಳಿಂದ.

ಬನಹಟ್ಟಿಯ ಅವರ ಓಣಿಗೆ ಮೂರು ತಿಂಗಳಿಂದ ಮೊಬೈಲಿನ ಒಂದು ಆಟದ ಹುಚ್ಚು ಹಿಡಿದಿತ್ತು. ದಿನಕ್ಕೊಂದು ಗುಟ್ಟಿನ ಶಬ್ದ, ಮೂರೇ ಅಕ್ಷರ; ಅದನ್ನು ಇಡುವವರು ಯಾರೆಂಬುದು ಯಾರಿಗೂ ಗೊತ್ತಿಲ್ಲ. ಊಹಿಸಲು ಆರು ಅವಕಾಶ. ಅಕ್ಷರ ತನ್ನ ಜಾಗದಲ್ಲಿ ಸರಿಯಾಗಿ ಕೂತರೆ ಚೌಕ ಹಸಿರಾಗುತ್ತದೆ. ಆಡಿದವರು ತಮ್ಮ ಚೌಕಗಳನ್ನು ಓಣಿಯ ವಾಟ್ಸಾಪ್ ಗುಂಪಿಗೆ ಹಾಕುವುದು ರೂಢಿ. ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದ ಮಾಸ್ತರರು ತೊಂಬತ್ತೊಂದು ದಿನ ಒಮ್ಮೆಯೂ ಸೋತಿರಲಿಲ್ಲ.

ಶನಿವಾರ ಸೋತರು. ಮೂರನೆಯ ಊಹೆಗೇ 'ಕುಸು' ಎಂಬೆರಡು ಅಕ್ಷರ ಹಸಿರಾಗಿದ್ದವು. 'ಕುಸುಮ' ಹಾಕಿದರು, ಅಲ್ಲ. 'ಕುಸುರಿ' ಹಾಕಿದರು, ಅಲ್ಲ. ಕಡೆಯ ಅವಕಾಶಕ್ಕೆ ಗೆದ್ದೇಬಿಟ್ಟೆ ಎಂದು 'ಕುಸುಬೆ' ಹಾಕಿದರು. ಅದೂ ಅಲ್ಲ. ಉತ್ತರ 'ಕುಸುಬಿ'!

ಸೋಲನ್ನಾದರೂ ನುಂಗಿಕೊಳ್ಳಬಹುದಿತ್ತು. ಗುಂಪು ತೆರೆದು ನೋಡಿದರೆ ಎಲ್ಲರಿಗಿಂತ ಮೊದಲು ಬಂದು ಕೂತಿದ್ದವು ಎದುರಿನ ಹಿಟ್ಟಿನ ಗಿರಣಿಯ ಅಮಸಿದ್ದಪ್ಪನ ಚೌಕಗಳು. ಒಂದೇ ಸಾಲು, ಮೂರೂ ಹಸಿರು. ಅವನು ಆಡಿದ್ದು ಅದೇ ಮೊದಲ ದಿನ, ಅದೂ ಮೊದಲ ಊಹೆ! ಕೆಳಗೆ ಇಡೀ ಓಣಿ ಹೂವು, ಚಪ್ಪಾಳೆ, ಕಿರೀಟ ಸುರಿದಿತ್ತು. ತೊಂಬತ್ತೊಂದು ದಿನ ಗೆದ್ದ ಮಾಸ್ತರರಿಗೆ ಬಂದದ್ದು ಬರೀ ಹೆಬ್ಬೆರಳು.

ಭಾನುವಾರ ಬೆಳಿಗ್ಗೆ ಅವರು ನಿನ್ನೆಯ ಉತ್ತರವನ್ನು ಕಾಗದದ ಮೇಲೆ ಬರೆದುಕೊಂಡು, ಕಳೆದ ಉಂಗುರ ಹುಡುಕುವವರ ಹಾಗೆ ಅದರ ಸುತ್ತ ಗೆರೆ ಎಳೆಯುತ್ತ ಕೂತಿದ್ದರು.

"ನಿನ್ನಿ ಮುಗದ ಆಟ ಇವತ್ತ್ಯಾಕ ಕೆದರ್ತೀರಿ? ಉಪ್ಪಿಟ್ಟು ಆರಾಕತ್ತೈತಿ," ಎಂದಳು ಹೆಂಡತಿ ರಾಜಶ್ರೀ.

"ಬೋರ್ಡಿನ ಮ್ಯಾಲೆ 'ಹಿಟಿನ ಗಿರಣಿ' ಅಂತ ಬರಸ್ಯಾನ ಅಂವ! ಒತ್ತಕ್ಷರ ಗೊತ್ತಿಲ್ಲದಂವ ಒಂದ ಏಟಿಗೆ ಹೊಡದಾನಂದ್ರ ಏನೋ ಐತಿ ಇದರಾಗ."

ಉಪ್ಪಿಟ್ಟು ಬಿಟ್ಟು, ಇಟ್ಟಿಗೆಯಂಥ ನಿಘಂಟನ್ನು ಕಂಕುಳಲ್ಲಿ ಇರುಕಿಕೊಂಡು ಮಾಸ್ತರರು ಗಿರಣಿಗೆ ನಡೆದರು. ಭಾನುವಾರವಾದ್ದರಿಂದ ಜೋಳದ ಬುಟ್ಟಿಗಳು ಸಾಲುಗಟ್ಟಿದ್ದವು. ರೊಟ್ಟಿ ಮಾಡಿ ಮಾರುವ ಶೇವಂತಿ ಇದ್ದಳು. ಗುಂಪಿನ ಯಜಮಾನಿಕೆ ಹೊತ್ತ, ಮೊಬೈಲ್ ಅಂಗಡಿಯ ಶಶಿಕಾಂತನೂ ಇದ್ದ. ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡ ಅಮಸಿದ್ದಪ್ಪ, "ಬರ್ರಿ ಸರ," ಎಂದು ಸ್ಟೂಲು ಒರೆಸಿ ಕೊಟ್ಟ. ಆ ವಿನಯವೇ ಮಾಸ್ತರರನ್ನು ಇನ್ನಷ್ಟು ಉರಿಸಿತು.

"ಮೊದಲನೇ ಮಾತು," ಎಂದರು ನಿಂತುಕೊಂಡೇ, "ಆ ಶಬ್ದನ ತಪ್ಪು. ಪುಸ್ತಕದ ಕನ್ನಡದಾಗ ಅದು ಕುಸುಬೆ. ಬೆಂಗಳೂರು, ಮೈಸೂರು ಕಡೆಯವರು ಯಾರೂ ಕುಸುಬಿ ಅನ್ನೂದಿಲ್ಲ. ಇದನ್ನಿಟ್ಟಂವ ನಮ್ಮ ಸುತ್ತಮುತ್ತಲಿನ ಯಾವನೋ ಅರೆಕಲಿತಂವ. ಅದಕ್ಕ ಹೆಸರು ಹಾಕಿಕೊಳ್ಳಾಕ ಅಂಜಿ ಮುಚ್ಚಿಟ್ಟಾನ!"

"ಕುಸುಬೆ ಎಣ್ಣಿ ಯಾವ ಗಾಣದಾಗ ಸಿಗತೈತ್ರಿ ಸರ?" ಶೇವಂತಿ ಸೆರಗು ಬಾಯಿಗಿಟ್ಟುಕೊಂಡಳು. "ನಾವು ಹುಟ್ಟಿದಾಗಿಂದ ಕುಸುಬಿ ಎಣ್ಣಿನ ಉಂಡೇವಿ." ಶಶಿಕಾಂತ ನಿಘಂಟು ಇಸಿದುಕೊಂಡು ತೆಗೆದ. ಅದರಲ್ಲಿ ಎರಡೂ ಇದ್ದವು. ತಮ್ಮದೇ ಪುಸ್ತಕ ತಮ್ಮ ಕಾಲಿಗೇ ತೊಡಕಾಯಿತಲ್ಲ ಎಂದು ಮಾಸ್ತರರು ಕೆಂಪಾದರು.

"ಎರಡನೇ ಮಾತು!" ಇದ್ದಿಲಿನ ಚೂರೊಂದನ್ನು ಎತ್ತಿ ಗಿರಣಿಯ ಗೋಡೆಯ ಮೇಲೆ ಬರೆಯತೊಡಗಿದರು. "ಮೂರಕ್ಷರದ ಶಬ್ದ ಕನ್ನಡದಾಗ ಕಡಿಮಿ ಅಂದ್ರ ಐದು ಸಾವಿರ. ಮೊದಲನೇ ಏಟಿಗೆ ಬರಬೇಕಂದ್ರ ದಿನಾ ತಪ್ಪದ ಹದಿಮೂರು ವರ್ಷದ ಮ್ಯಾಲೆ ಆಡಬೇಕು. ಈ ಮನುಷ್ಯ ಒಂದ ದಿನ ಆಡ್ಯಾನ. ಉತ್ತರ ಮೊದಲ ಗೊತ್ತಿದ್ದಂವಗ ಅಷ್ಟ ಇದು ಸಾಧ್ಯ. ಹೌದೋ ಅಲ್ಲೋ?"

"ಲೆಕ್ಕ ಖರೆ ಐತಿ," ಎಂದ ಶಶಿಕಾಂತ ಗೋಡೆ ನೋಡುತ್ತ.

ಎಲ್ಲರೂ ಈಗ 'ಮೋಸಗಾರ' ಎಂದಾರು ಎಂದು ಮಾಸ್ತರರು ಕೈ ಕಟ್ಟಿಕೊಂಡು ಕಾದರು.

ಶಶಿಕಾಂತ ಗಲ್ಲ ಕೆರೆದುಕೊಂಡ. "ಆದ್ರ ಓಣ್ಯಾಗ ಎಲ್ಲಾರಕಿಂತ ಮೊದಲ ಆಡಿದಂವ ಇವನ. ಹೇಳಿಕೊಡೋರು ಯಾರಿದ್ರು? ಯಾರೂ ಹೇಳಿಲ್ಲ, ಆದ್ರೂ ಗೊತ್ತಿತ್ತು. ಮ್ಯಾಲೆ ಶಬ್ದಾ ಇಟ್ಟಂವ ನಮ್ಮ ಸುತ್ತಮುತ್ತಲಿನಂವ ಅಂತ ಸರ್ ಈಗ ಹೇಳಿದ್ರು..." ಅವನ ಕಣ್ಣು ಬಟ್ಟಲಾದವು. "ಅಮಸಿದ್ದಪ್ಪಾ! ಆ ಶಬ್ದಾ ಇಟ್ಟಂವ ನೀನ ಏನೋ ಮಾರಾಯಾ?"

"ಏನೂ? ನಾ... ನಂಗೇನ..." ಅಮಸಿದ್ದಪ್ಪ ತೊದಲಿದ.

"ಅಯ್ಯ ನಮ್ಮಣ್ಣಾ! ಇಷ್ಟು ದಿನ ಹಿಟ್ಟು ಬೀಸ್ಕೋತ ಗಪ್ ಕುಂತಿದ್ದಿ!" ಶೇವಂತಿ ಅವನಿಗೆ ನಿವಾಳಿಸಿ ನೆಟಿಗೆ ಮುರಿದಳು. ಬುಟ್ಟಿಯವರೆಲ್ಲ ನುಗ್ಗಿ ಬಂದರು. "ಹಂಗಲ್ರೋ, ಹಂಗಲ್ಲ!" ಎಂದ ಮಾಸ್ತರರ ಕೂಗು, ಗಿರಣಿಯ ಸದ್ದಿನಲ್ಲಿ ಸೊಳ್ಳೆಯ ಹಾಡಾಯಿತು. ಗೋಡೆಯ ಲೆಕ್ಕದ ಫೋಟೋ 'ಮಾಸ್ತರರೇ ಸಿದ್ಧ ಮಾಡಿ ತೋರಿಸ್ಯಾರ' ಎಂಬ ಮಾತಿನ ಜೊತೆ ಮಧ್ಯಾಹ್ನದೊಳಗೆ ಜಮಖಂಡಿ, ಮುಧೋಳ ಮುಟ್ಟಿತು.

ಸಂಜೆ ಹಿತ್ತಿಲ ಬಾಗಿಲಲ್ಲಿ ಅಮಸಿದ್ದಪ್ಪ ನಿಂತಿದ್ದ. ಮುಖ ಬಾಡಿತ್ತು.

"ಸರ, ನೀವರ ಬಿಡಸ್ರಿ ನನ್ನ. ಚಿಮ್ಮಡದಿಂದ ಸೈತ ಫೋನ್ ಬರಾಕತ್ತಾವು. ನಂಗ ಅದು ಆಟ ಅನ್ನೂದ ಗೊತ್ತಿದ್ದಿಲ್ರಿ. ಲೋಕಾಪುರದ ನಮ್ಮ ಮಾವಗ ಕುಸುಬಿ ತರಾಕ ಹೇಳು ಅಂದಿದ್ಲು ನಮ್ಮ ಮನ್ಯಾಕಿ ಸಿದ್ದಕ್ಕ. ಮಗಳು ಫೋನಿನ್ಯಾಗ ಅದೇನೋ ತಗದ ಇಟ್ಟಿದ್ಲು. ಮೆಸೇಜ್ ಅಂತ ತಿಳಿದು ಅದರಾಗ ಬರದಬಿಟ್ಟೆ. ಹಸರ ಬಣ್ಣ ಬಂತು. ಫೋನ್ ಕೆಡ್ತು ಅಂತ ಶಶಿಕಾಂತನ ಕಡೆ ಒಯ್ದರ ಅಂವ ಗುಂಪಿಗೆ ಹಾಕಿದ."

ಮಾಸ್ತರರಿಗೆ ಹಸಿದವನಿಗೆ ಹೋಳಿಗೆ ಸಿಕ್ಕಂತಾಯಿತು. ಚಪ್ಪಲಿಯನ್ನೂ ಮೆಟ್ಟದೆ ಶಶಿಕಾಂತನ ಅಂಗಡಿಗೆ ಓಡಿ, ನೆರೆದವರ ಮುಂದೆ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದರು.

ಯಾರೂ ನಗಲಿಲ್ಲ. ಕನಿಕರದಿಂದ ನೋಡಿದರು.

"ಅಂವ ನಮಗೂ ಹಂಗ ಅಂದನ್ರಿ," ಎಂದ ಶಶಿಕಾಂತ ಮೆಲ್ಲಗೆ. "ದೊಡ್ಡವರು ನಾ ದೊಡ್ಡಂವ ಅಂತಾರೇನು? ನೀವು ಮಾತ್ರ ಸರ, ಮುಂಜಾನೆ ನೀವ ಸಿದ್ಧ ಮಾಡಿ ಸಂಜಿಗೆ ನೀವ ಅಲ್ಲಂತೀರಿ. ಹೊಟ್ಟಿಕಿಚ್ಚು ಛಲೋ ಅಲ್ರಿ. ಇರ್ಲಿ, ರಾಜ್ಯೋತ್ಸವದ ದಿನ ಅವಂಗ ಸನ್ಮಾನ ಇಟ್ಟೇವಿ. ಮಾನಪತ್ರ ನೀವ ಬರೀಬೇಕು. ಓಣ್ಯಾಗ ಬ್ಯಾರೆ ಕನ್ನಡ ಮಾಸ್ತರು ಯಾರದಾರ?"

ಒಲ್ಲೆ ಎಂದರೆ ಹೊಟ್ಟೆಕಿಚ್ಚು ಖರೆ ಆಗುತ್ತಿತ್ತು. ಹೂಂ ಎಂದು ಬಂದರು. 'ಕನ್ನಡದ ಕಣ್ಮಣಿಯೇ' ಎಂದು ಬರೆದು ಪೆನ್ನಿನ ತುದಿ ಕಚ್ಚುತ್ತ ಕೂತಿದ್ದಾಗ ಅಮಸಿದ್ದಪ್ಪ ಮತ್ತೆ ಬಂದ. ಈ ಸಲ ಮುಂಬಾಗಿಲಿನಿಂದ. ಹುಬ್ಬು ತೊಳೆದಿದ್ದ.

"ಸರ, ಎಷ್ಟು ಹೇಳಿದ್ರೂ ಯಾರೂ ಕೇಳವಲ್ರು. ಹೋಗ್ಲಿ, ಒಪ್ಪಿಕೊಂಡ್ನಿ. ಸನ್ಮಾನ ಆದಮ್ಯಾಲೆ ನಾನೂ ನಾಕು ಮಾತು ಆಡಬೇಕಂತ. ಹೆಂಗೂ ಪೆನ್ನು ಹಿಡದ ಕುಂತೀರಿ... ಅದನ್ನೂ ಬರದ ಕೊಟ್ಟುಬಿಡ್ರಿ."