ಸರೋವರದ ಪಕ್ಕದ ‘ನ್ಯೂ’ ಜಾಗ

ಈ ಸಲ ಗ್ರಾನ್ಯಾಳ ಮುಖ ಇಳಿಯುವ ಹಾಗೆ ಮಾಡದಿದ್ದರೆ ನನ್ನ ಹೆಸರು ನೆಸ್ಸಾ ಅಲ್ಲ! ಹೀಗೆಂದು ನಾನು ಅಡುಗೆಮನೆಯಲ್ಲಿ, ಪಾತ್ರೆ ಉಜ್ಜುವ ಬ್ರಶ್ಶನ್ನು ಎತ್ತಿ ಹಿಡಿದು ಘೋರ ಪ್ರತಿಜ್ಞೆ ಮಾಡಿದೆ. ಸಾಕ್ಷಿಗಿದ್ದವನು ನನ್ನ ಗಂಡ ಡೋನಲ್ ಒಬ್ಬನೇ. ಅವನು ಬ್ರೆಡ್ಡಿಗೆ ಜಾಮ್ ಹಚ್ಚಿಕೊಳ್ಳುವುದರಲ್ಲಿ ಮಗ್ನನಾಗಿದ್ದ. ಆ ಜಾಮೂ ಗ್ರಾನ್ಯಾ ಕೊಟ್ಟದ್ದೇ.

ಗ್ರಾನ್ಯಾ ಎಂದರೆ ಲಕ್ಸೆಂಬರ್ಗಿನ ಈ ಕಟ್ಟಡದಲ್ಲಿ ನಮ್ಮ ತಲೆಯ ಮೇಲಿನ ಮನೆಯಲ್ಲಿರುವವಳು. ನಮ್ಮ ಹಾಗೆಯೇ ಐರ್ಲೆಂಡಿನವಳು, ಅದೂ ನಮ್ಮ ಜಿಲ್ಲೆಯವಳೇ. ಅವಳ ಗಂಡ ಮತ್ತು ನನ್ನ ಗಂಡ ಒಂದೇ ಬ್ಯಾಂಕಿನಲ್ಲಿ ಎದುರುಬದುರು ಕೂತು ಒಂದೇ ಸಂಬಳಕ್ಕೆ ದುಡಿಯುತ್ತಾರೆ. ಅವರಿಗೂ ಇಬ್ಬರು ಮಕ್ಕಳು, ನಮಗೂ ಇಬ್ಬರು. ಅವರ ಕಾರು ನಮ್ಮ ಕಾರಿಗಿಂತ ಎರಡು ವರ್ಷ ಹಳೆಯದು ಕೂಡ. ಎಲ್ಲ ಲೆಕ್ಕದಲ್ಲೂ ಸರಿಸಮ. ಆದರೆ ಅವರು ಹದಿನೈದು ದಿನಕ್ಕೊಮ್ಮೆ ಫ್ರಾನ್ಸಿಗೆ ಹೋಗುತ್ತಾರೆ, ನಾವು ಹದಿನೈದು ದಿನಕ್ಕೊಮ್ಮೆ ಅವರು ಬರುವುದನ್ನು ಕೇಳಿಸಿಕೊಳ್ಳುತ್ತೇವೆ.

ಕೇಳಿಸಿಕೊಳ್ಳುವುದು ಎಂದರೆ ನಿಜವಾಗಿಯೂ ಕೇಳಿಸಿಕೊಳ್ಳುವುದೇ! ಭಾನುವಾರ ಸಂಜೆ ಅವರ ತಿಂಡಿ ಪೆಟ್ಟಿಗೆಯ ಉರುಳುಗಾಲಿಗಳು ಮೆಟ್ಟಿಲಮೇಲೆ ಧಡ್ ಧಡ್ ಎನ್ನುತ್ತವೆ. ಮರುಕ್ಷಣ ನಮ್ಮ ಮನೆ ಗಂಟೆ ಬಡಿದುಕೊಳ್ಳುತ್ತದೆ. ಬಾಗಿಲಲ್ಲಿ ಗ್ರಾನ್ಯಾ, ಅವಳ ಕೈಯಲ್ಲಿ ಜಾಮ್ ಬಾಟಲಿ, ಮೂಗಿನ ಮೇಲೆ ಬಿಸಿಲಿಗೆ ಕೆಂಪಾದ ಗುರುತು. “ಏನಿಲ್ಲ ಕಣೇ, ಸುಮ್ಮನೆ ಹಾಗೇ ಫ್ರಾನ್ಸಿಗೆ ಹೋಗಿಬಂದ್ವಿ” ಎನ್ನುತ್ತಾಳೆ. ಆ ‘ಸುಮ್ಮನೆ ಹಾಗೇ’ ಇದೆಯಲ್ಲ, ಅದು ನನ್ನ ಹೊಟ್ಟೆಯೊಳಗೆ ಹೋಗಿ ಕೂತು ಬುಧವಾರದವರೆಗೂ ಉರಿಯುತ್ತದೆ. ಎಷ್ಟಾಯಿತು ಎಂದು ಕೇಳಿದರೆ ನಮ್ಮ ಮನೆಯ ಒಂದು ದಿನದ ತರಕಾರಿ ಖರ್ಚಿಗಿಂತ ಕಡಿಮೆ ಹೇಳುತ್ತಾಳೆ. ಎಲ್ಲಿ ಎಂದು ಕೇಳಿದರೆ, “ಒಂದು ಸರೋವರದ ಪಕ್ಕ, ಪುಟ್ಟ ಜಾಗ” ಎಂದು ಹೇಳಿ ಮೇಲೆ ಹತ್ತಿಬಿಡುತ್ತಾಳೆ.

ನಾವೂ ಲಕ್ಸೆಂಬರ್ಗಿಗೆ ಬಂದು ನಾಲ್ಕು ವರ್ಷವಾಯಿತು. ಒಮ್ಮೆ ಪ್ಯಾರಿಸಿಗೆ ಹೋಗಿದ್ದೆವು. ಹೋಗಿಬಂದ ಮೇಲೆ ಒಂದು ತಿಂಗಳು ಮನೆಯಲ್ಲಿ ರಾತ್ರಿಯೂಟಕ್ಕೆ ಬೇಯಿಸಿದ ಆಲೂಗೆಡ್ಡೆ, ಅದಕ್ಕೆ ನಂಚಿಕೊಳ್ಳಲು ಪ್ಯಾರಿಸಿನ ನೆನಪು.

ಇದನ್ನೆಲ್ಲ ನಾನು ನುಂಗಿಕೊಂಡೇನು. ನುಂಗಲಾಗದ್ದು ಡೋನಲ್ ಅಂದ ಮಾತು. ಜಾಮ್ ನೆಕ್ಕುತ್ತ, “ಆ ಗ್ರಾನ್ಯಾ ಜಾಣೆ ಕಣೇ. ಅದು ಹೇಗೆ ಮಾಡ್ತಾಳೋ” ಅಂದುಬಿಟ್ಟ. ಹನ್ನೆರಡು ವರ್ಷದ ದಾಂಪತ್ಯದಲ್ಲಿ ಅವನು ನನ್ನನ್ನು ಜಾಣೆ ಎಂದದ್ದು ಒಂದೇ ಸಲ, ಅದೂ ಅವನ ಕಳೆದುಹೋದ ಚಪ್ಪಲಿ ಹುಡುಕಿಕೊಟ್ಟಾಗ. ಸುತ್ತಿಬಳಸಿ ಹೇಳುವುದೇಕೆ, ನನಗೆ ಹೊಟ್ಟೆಕಿಚ್ಚಾಯಿತು. ಅಪ್ಪಟ ಹೊಟ್ಟೆಕಿಚ್ಚು! ಒಂದೇ ಒಂದು ಸಲ ಅವಳು ನನ್ನನ್ನು ನೋಡಿ ಕರುಬಬೇಕು. ನನಗೆ ಬೇಕಾದದ್ದು ಅಷ್ಟೇ.

ಕಂಪ್ಯೂಟರ್ ಮುಂದೆ ಕೂತೆ. ಎರಡೂವರೆ ಗಂಟೆಯೊಳಗೆ ತಲುಪಬಹುದಾದ, ಬಾಡಿಗೆಗೆ ಪುಟ್ಟ ಮನೆಗಳು ಸಿಗುವ ಫ್ರಾನ್ಸಿನ ಶಿಬಿರತಾಣಗಳನ್ನೆಲ್ಲ ತೆಗೆದು, ಅಗ್ಗದಿಂದ ತುಟ್ಟಿಗೆ ಸಾಲಾಗಿ ನಿಲ್ಲಿಸಿದೆ. ಮೊದಲನೆಯದೇ ನನ್ನ ಕಣ್ಣಿಗೆ ಹೊಳೆಯಿತು! ವೋಜ್ ಬೆಟ್ಟಗಳಲ್ಲಿ, ಸರೋವರದ ದಡದಲ್ಲಿ, ಜಾರುಬಂಡೆಯಿರುವ ಈಜುಕೊಳದ ಸಮೇತ, ಇಡೀ ಸಂಸಾರಕ್ಕೆ ದಿನಕ್ಕೆ ಹದಿನಾಲ್ಕು ಯೂರೋ. ಪಕ್ಕದಲ್ಲಿ ಬರೆದಿತ್ತು: ‘ಎಂಪ್ಲಾಸ್‌ಮಾಂ ನ್ಯೂ’.

ಕಾನ್ವೆಂಟಿನ ಸನ್ಯಾಸಿನಿಯರು ಆರು ವರ್ಷ ಕಿವಿ ಹಿಂಡಿ ಕಲಿಸಿದ ಫ್ರೆಂಚ್ ನನ್ನದು. “ಎಂಪ್ಲಾಸ್‌ಮಾಂ ಅಂದರೆ ಪ್ಲೇಸು, ಜಾಗ. ನ್ಯೂ ಅಂದರೆ ನ್ಯೂ. ಹೊಸ ಜಾಗ!” ಎಂದು ಘೋಷಿಸಿದೆ.

ಡೋನಲ್ ಕಿವಿಯ ಹಿಂದೆ ಕೆರೆದುಕೊಂಡ. “ನ್ಯೂ ಅಂದ್ರೆ ಫ್ರೆಂಚಲ್ಲಿ ಬತ್ತಲೆ ಅಂತ ಎಲ್ಲೋ ಕೇಳಿದ ನೆನಪು.”

“ನಿನಗೆ ಅಂಥವೇ ನೆನಪಿರೋದು” ಎಂದು ದುಡ್ಡು ಕಟ್ಟಿಬಿಟ್ಟೆ.

ಜೂನ್ ತಿಂಗಳ ಶುಕ್ರವಾರ ಮಧ್ಯಾಹ್ನ ಹೊರಟೆವು. ಮೆಟ್ಟಿಲ ಮೇಲೆ ಗ್ರಾನ್ಯಾ ಸಿಗಲೆಂದು ನಾನು ಮೂರು ಸಲ ಹತ್ತಿ ಇಳಿದೆ. ನಾಲ್ಕನೆಯ ಸಲಕ್ಕೆ ಸಿಕ್ಕಳು. ಎಲ್ಲಿಗೆ ಎಂದಳು. “ಏನಿಲ್ಲ ಕಣೇ, ಸುಮ್ಮನೆ ಹಾಗೇ ಫ್ರಾನ್ಸಿಗೆ” ಅಂದೆ. ನಾಲ್ಕು ವರ್ಷ ಕಾದಿದ್ದ ಮಾತು, ನಾಲಿಗೆಗೆ ಎಷ್ಟು ರುಚಿಯಾಗಿತ್ತು! ದಾರಿಯುದ್ದಕ್ಕೂ ಹನ್ನೊಂದರ ಮಗಳು ಕ್ಲೋಡಾ ಮತ್ತು ಎಂಟರ ಮಗ ಫಿಂಟನ್ ಜಾರುಬಂಡೆಯ ಹಾಡು ಹೇಳಿದರು. ಡೋನಲ್ ಮಾತ್ರ ಗಂಭೀರವಾಗಿ ಕಾರು ಓಡಿಸುತ್ತಿದ್ದ. ಅಲ್ಲಿ ಎಲ್ಲರೂ ಬತ್ತಲೆ ಓಡಾಡುತ್ತಿದ್ದರೆ ಕಣ್ಣನ್ನು ಎಲ್ಲಿಡಬೇಕೆಂದು ಅವನ ಚಿಂತೆ.

ಶಿಬಿರದ ಕಚೇರಿಯ ಹುಡುಗಿ ನಗುನಗುತ್ತ ನಕ್ಷೆಯೊಂದನ್ನು ಕೊಟ್ಟು ನಲವತ್ತೇಳನೇ ಸಂಖ್ಯೆಗೆ ಗುರುತು ಹಾಕಿದಳು. ನಡೆದೆವು. ನಲವತ್ತೈದರಲ್ಲಿ ಕ್ಯಾರವಾನ್ ಎಂಬ ಗಾಲಿಮನೆ ಇತ್ತು. ನಲವತ್ತಾರರಲ್ಲಿ ಇನ್ನೂ ದೊಡ್ಡ ಕ್ಯಾರವಾನ್. ನಲವತ್ತೇಳರಲ್ಲಿ ಹುಲ್ಲಿತ್ತು.

ಬರೀ ಹುಲ್ಲು. ಮೂಲೆಯಲ್ಲೊಂದು ಗೂಟ, ಗೂಟದ ಮೇಲೆ 47. ಮನೆ ಹಿಂದುಗಡೆ ಇರಬಹುದೆಂದು ಫಿಂಟನ್ ಗೂಟದ ಸುತ್ತ ಒಂದು ಪ್ರದಕ್ಷಿಣೆ ಹಾಕಿಬಂದ. ನಾನು ಬುಸುಗುಟ್ಟುತ್ತ ಕಚೇರಿಗೆ ಓಡಿದೆ. ನನ್ನ ಸನ್ಯಾಸಿನಿ ಫ್ರೆಂಚನ್ನೆಲ್ಲ ಖರ್ಚು ಮಾಡಿ ಜಗಳಾಡಿದೆ. ಆ ಹುಡುಗಿ ಸಮಾಧಾನದಿಂದ ಚೀಟಿಯ ಮೇಲಿನ ಪದ ತೋರಿಸಿ, “ನ್ಯೂ, ಮದಾಮ್” ಎಂದು ಅಂಗೈಯನ್ನು ಗಾಳಿಯಲ್ಲಿ ಒಮ್ಮೆ ಸವರಿದಳು. ಬೋಳು. ಏನೂ ಇಲ್ಲದ್ದು. ಟೆಂಟು ನೀವೇ ತರುವಂಥದ್ದು. ಸಿದ್ಧ ಮನೆಗಳೆಲ್ಲ ಆಗಸ್ಟ್ ಕೊನೆಯವರೆಗೂ ಭರ್ತಿಯಂತೆ.

ಹಿಂದಿರುಗಿ ವರದಿ ಒಪ್ಪಿಸಿದಾಗ ಡೋನಲ್ ಹುಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. “ಸದ್ಯ ಕಣೇ. ಬತ್ತಲೆ ಇರೋದು ನೆಲ ಮಾತ್ರ.”

ಮನೆಗೆ ವಾಪಸ್ಸು ಹೋಗೋಣ ಎಂದ. ಹೋಗುವುದೇ? ಅದೇ ಸಂಜೆ, ಅದೇ ಚೀಲಗಳೊಂದಿಗೆ, ಅದೇ ಮೆಟ್ಟಿಲಮೇಲೆ? ಗ್ರಾನ್ಯಾ ಬಾಗಿಲು ತೆರೆದು “ಇಷ್ಟು ಬೇಗ?” ಎಂದು ಕೇಳಿದರೆ ನಾನು ಬದುಕಿರುತ್ತೇನೆಯೇ? ಬೇಕಾದರೆ ಗೂಟಕ್ಕೆ ಒರಗಿ ಮಲಗುತ್ತೇನೆ, ಮನೆಗೆ ಮಾತ್ರ ಬರುವುದಿಲ್ಲ ಎಂದೆ.

ಈ ನಾಟಕವನ್ನೆಲ್ಲ ನಲವತ್ತಾರರ ಒಡತಿ ತನ್ನ ಕ್ಯಾರವಾನಿನ ಮುಂದೆ ಹೆಣಿಗೆ ಹಾಕುತ್ತ ನೋಡುತ್ತಿದ್ದಳು. ಹುಕ್‌ಸ್ಟ್ರಾ ಎಂಬ ಹಾಲೆಂಡಿನ ಅಜ್ಜಿ. ಈಸ್ಟರಿಗೆ ಬಂದು ಬೀಡುಬಿಟ್ಟರೆ ಎಲೆ ಉದುರುವವರೆಗೂ ಏಳದ ಜಾತಿ. ಅವಳ ಹತ್ತಿರ ಇಲ್ಲದ್ದೇ ಇಲ್ಲ. ಅಜ್ಜಿ ಎದ್ದು ಒಳಗೆ ಹೋಗಿ ಒಂದು ಗಂಟು ತಂದು ನಮ್ಮೆದುರು ಹಾಕಿದಳು. ಮಳೆಗೆ ಸೈಕಲ್ಲುಗಳು ನೆನೆಯದ ಹಾಗೆ ನಿಲ್ಲಿಸುವ ಟೆಂಟು. ಎರಡು ಸೈಕಲ್ಲಿಗೆ ಧಾರಾಳ. ನಾವು ನಾಲ್ವರು, ಅದರಲ್ಲೂ ಡೋನಲ್ ಆರಡಿ ಮೂರಂಗುಲ. ಒಳಗೆ ನುಗ್ಗಬೇಕಾದರೆ ನಾಲ್ಕು ಕಾಲಿನ ಮೇಲೆ ನುಗ್ಗಬೇಕು, ಒಬ್ಬರು ಮಗ್ಗುಲು ಬದಲಿಸಿದರೆ ಉಳಿದ ಮೂವರೂ ಬದಲಿಸಬೇಕು. ಆ ನಿದ್ದೆಯ ಕಥೆ ಕೇಳಬೇಡಿ.

ಬೆಳಿಗ್ಗೆ ಸೊಂಟ ಹಿಡಿದುಕೊಂಡು ಈಜುಕೊಳಕ್ಕೆ ನಡೆದೆವು. ಹತ್ತು ವರ್ಷದೊಳಗಿನ ಮಕ್ಕಳ ಜೊತೆ ದೊಡ್ಡವರೊಬ್ಬರು ನೀರಿಗಿಳಿಯಲೇಬೇಕೆಂದು ಕಾವಲುಗಾರ ಹೇಳಿದ. ನನಗೆ ಈಜು ಬರುವುದಿಲ್ಲ. ಡೋನಲ್ ತನ್ನ ಮಂಡಿಯುದ್ದದ, ತೆಂಗಿನಮರದ ಚಿತ್ತಾರದ ಚಡ್ಡಿಯಲ್ಲಿ ವೀರಾವೇಶದಿಂದ ಮುಂದೆ ಬಂದ. ಕಾವಲುಗಾರ ಗೋಡೆಯ ಮೇಲಿನ ಫಲಕ ತೋರಿಸಿದ. ದೊಗಲೆ ಚಡ್ಡಿ ನಿಷಿದ್ಧ. ಮೈಗಂಟಿದ ಪುಟ್ಟ ಚಡ್ಡಿಗಷ್ಟೇ ಪ್ರವೇಶ. ಬಾಗಿಲ ಪಕ್ಕದ ಯಂತ್ರದಲ್ಲಿ ನಾಣ್ಯ ಹಾಕಿದರೆ ಸಿಗುತ್ತದೆ. ಹಾಕಿದೆವು. ಉಳಿದಿದ್ದದ್ದು ಒಂದೇ ಅಳತೆ.

ಡೋನಲ್ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಬೆಳಕಿಗೆ ಒಡ್ಡಿದ. “ನೆಸ್ಸಾ, ಇದು ಬಟ್ಟೆಯಲ್ಲ. ಇದು ಬಟ್ಟೆಯ ಸುಳಿವು.”

ಫಿಂಟನ್ ತುಟಿ ನಡುಗಿಸಿದ. ತಂದೆಯ ಹೃದಯ ಕರಗಿತು. ಟವಲು ಸುತ್ತಿಕೊಂಡು, ಗೋಡೆಗೆ ಬೆನ್ನು ತಾಗಿಸಿಕೊಂಡೇ ನಡೆದು, ನೀರಿನ ಅಂಚಿನಲ್ಲಿ ಟವಲು ಎಸೆದು ದುಡುಮ್ಮೆಂದು ಬಿದ್ದ. ಬಿದ್ದವನು ಮೂರು ಗಂಟೆಯಾದರೂ ಮೇಲೆ ಬರಲಿಲ್ಲ. ಮಕ್ಕಳು ಸುಸ್ತಾಗಿ ಬಂದು ಊಟ ಮಾಡಿದರೂ ಅವನು ಕತ್ತಿನವರೆಗೆ ನೀರಲ್ಲಿ ನಿಂತು ಜನ ಖಾಲಿಯಾಗುವುದನ್ನು ಕಾಯುತ್ತಿದ್ದ.

ಆ ಮೂರು ಗಂಟೆಯಲ್ಲೇ ನಾನು ನನ್ನ ಕೆಲಸ ಮುಗಿಸಿದೆ. ಹುಕ್‌ಸ್ಟ್ರಾ ಅಜ್ಜಿಯನ್ನು ಕೇಳಿ ಅವಳ ಕ್ಯಾರವಾನಿನ ಚಪ್ಪರದ ಕೆಳಗೆ ಕೂತೆ. ಕಸೂತಿಯ ಮೇಜುವಸ್ತ್ರ, ಕುಂಡಗಳಲ್ಲಿ ಕೆಂಪು ಹೂವು, ಹಿಂದೆ ಮಿನುಗುವ ಸರೋವರ. ಕಾಲಮೇಲೆ ಕಾಲು ಹಾಕಿ, ಅಜ್ಜಿಯ ಬಟ್ಟಲು ಹಿಡಿದು, ದೂರ ನೋಡಿದೆ.

ಫೋನ್ ಹಿಡಿದಿದ್ದ ಕ್ಲೋಡಾ, “ಅಮ್ಮ, ಇದು ನಮ್ಮದಲ್ಲವಲ್ಲ” ಎಂದಳು.

“ನಮ್ಮದು ಅಂತ ನಾನೆಲ್ಲಿ ಹೇಳ್ದೆ? ಸುಮ್ನೆ ತೆಗಿ.”

ತೆಗೆದಳು. ‘ಸುಮ್ಮನೆ ಹಾಗೇ, ನಮ್ಮ ಹೊಸ ಜಾಗ’ ಎಂದು ಬರೆದು ಗ್ರಾನ್ಯಾಗೆ ಕಳಿಸಿದೆ. ನೋಡಿದಳು ಎಂಬ ಗುರುತು ತಕ್ಷಣ ಬಂತು. ಉತ್ತರ ಬರಲಿಲ್ಲ. ಒಂದು ಗಂಟೆಯಾದರೂ ಬರಲಿಲ್ಲ. ಸಂಜೆಯಾದರೂ ಇಲ್ಲ! ಉರಿದುಹೋಗಿರಬೇಕು, ಪಾಪ. ನನ್ನ ಸೊಂಟನೋವು, ಇಬ್ಬನಿಗೆ ಒದ್ದೆಯಾದ ಹೊದಿಕೆ ಎಲ್ಲ ಮರೆತು ಮೈ ಹಗುರಾಯಿತು. ಎರಡನೆಯ ರಾತ್ರಿ ಸೈಕಲ್ ಟೆಂಟಿನಲ್ಲಿ ಫಿಂಟನ್ನನ ಮೊಣಕೈ ನನ್ನ ಕಿವಿಯಲ್ಲಿದ್ದರೂ ನಾನು ನಗುತ್ತಲೇ ಮಲಗಿದ್ದೆ.

ಭಾನುವಾರ ಸಂಜೆ ಮನೆಗೆ ಬಂದವಳು ಚೀಲ ಇಳಿಸುವುದಕ್ಕೂ ನಿಲ್ಲದೆ, ದಾರಿಯಲ್ಲಿ ಕೊಂಡ ಜಾಮ್ ಬಾಟಲಿ ಹಿಡಿದು ಮೇಲೆ ಹತ್ತಿದೆ. ಗ್ರಾನ್ಯಾ ಒಳಗೆ ಕರೆದು ಚಹಾ ಮಾಡಿದಳು. ನಾನು ಶುರು ಮಾಡಿದೆ. ಜಾಗ ಎಷ್ಟು ವಿಶಾಲವೆಂದು ಬಣ್ಣಿಸಿದೆ. ಹಾಸಿಗೆ ಎಷ್ಟು ಮೆತ್ತಗಿತ್ತೆಂದು ಬಣ್ಣಿಸಿದೆ. ಡೋನಲ್‌ಗೆ ಈಜುಕೊಳ ಎಷ್ಟು ಹಿಡಿಸಿತೆಂದರೆ ಹೊರಗೇ ಬರಲಿಲ್ಲ ಎಂದೆ, ಅದಂತೂ ನಿಜವೇ. ಗ್ರಾನ್ಯಾ ಗಲ್ಲಕ್ಕೆ ಕೈಯಿಟ್ಟು, ನನ್ನನ್ನೇ ನೋಡುತ್ತ ಕೇಳಿದಳು. ಆ ನೋಟ ನನಗೆ ಚಹಾಕ್ಕಿಂತ ಸಿಹಿಯಾಗಿತ್ತು.

ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಅವಳು ಕೇಳಿದಳು: “ಹುಕ್‌ಸ್ಟ್ರಾ ಅಜ್ಜಿ ಮಂಡಿನೋವು ಈಗ ಹೇಗಿದೆ?”

ಚಹಾ ನನ್ನ ಮೂಗಿಗೆ ಹತ್ತಿತು.

“ನ್ಯೂ ಅಂದ್ರೆ ಹೊಸದು ಅಂದ್ಕೊಂಡೆಯಾ?” ಎಂದಳು ಬೆನ್ನು ತಟ್ಟುತ್ತ. “ನಾನೂ ಅಷ್ಟೇ. ಮೊದಲನೇ ಸಲ ಸಂಸಾರ ಸಮೇತ ಹುಲ್ಲಿನ ಮುಂದೆ ನಿಂತಿದ್ವಿ. ಮನೆಗೆ ಬರೋಕೆ ಮುಖ ಇಲ್ಲ. ಕೆಳಗಡೆ ನೀನಿದ್ದೀಯಲ್ಲ.”

“ನಾನಾ?”

“ಮತ್ತಿನ್ಯಾರು? ಪ್ಯಾರಿಸ್ಸಿಗೆ ಹೋಗಿಬಂದು ಒಂದು ತಿಂಗಳು ಮೆಟ್ಟಿಲಮೇಲೆ ಪ್ಯಾರಿಸ್ ಪ್ಯಾರಿಸ್ ಅಂತಿದ್ದೆ. ನನಗೆ ಮೈಯೆಲ್ಲ ಉರೀತಿತ್ತು ಕಣೇ.”

ನಾಲ್ಕು ವರ್ಷದಲ್ಲಿ ಮೊದಲ ಸಲ ಇಬ್ಬರೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿದೆವು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳು ಅಜ್ಜಿಯ ಚಪ್ಪರದ ಕೆಳಗೆ ತೆಗೆಸಿಕೊಂಡ ಒಂಬತ್ತು ಫೋಟೋ ತೋರಿಸಿದಳು. ಅವೆಲ್ಲ ಡಬ್ಲಿನ್ನಿನಲ್ಲಿರುವ ಅವಳ ನಾದಿನಿಯ ಹೊಟ್ಟೆ ಉರಿಸಲು. ಅವಳ ಗಂಡನೂ ಯಂತ್ರದ ಚಡ್ಡಿ ಹಾಕಿದವನೇ ಅಂತೆ. ನನ್ನೆದೆಯ ಭಾರ ಇಳಿಯಿತು. ಇನ್ನು ಈ ಜನ್ಮದಲ್ಲಿ ಇವಳನ್ನು ಕಂಡು ಕರುಬುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆಯಿಟ್ಟೆ. ಕಣ್ಣೊರೆಸಿಕೊಂಡು ಬಾಗಿಲವರೆಗೂ ಬಂದೆ.

“ಅಂದ ಹಾಗೆ, ಅಜ್ಜಿ ನಿಮಗೆ ಯಾವ ಟೆಂಟ್ ಕೊಟ್ರು?” ಎಂದು ಹಿಂದಿನಿಂದ ಕೇಳಿದಳು.

“ಸೈಕಲ್ಲಿಂದು.”

“ಅಯ್ಯೋ ಪಾಪ” ಎಂದಳು ಗ್ರಾನ್ಯಾ. “ನಮಗೆ ಊಟದ ಕೋಣೆ ಟೆಂಟ್ ಕೊಟ್ಟಿದ್ರು. ಒಳಗೆ ಎದ್ದು ನಿಲ್ಲಬಹುದಿತ್ತು ಕಣೇ.”