ಮಾವನಿಗೆ ರಜೆ ಕೊಡುವವರು

ತಪ್ಪೆಲ್ಲ ಒಂದು ಪ್ರಶ್ನೆಯದು. ನೀರಿನ ಕಚೇರಿಗೆ ಹೊಸದಾಗಿ ಬಂದ ಕಂಪ್ಯೂಟರು ಪ್ರತಿಯೊಬ್ಬರನ್ನೂ ಕೇಳಿತ್ತು: ‘ಕೆಲಸ ನಿಂತಾಗ ಯಾರನ್ನು ಕೇಳುತ್ತೀರಿ?’ ಗುಮಾಸ್ತರು, ಟೈಪಿಸ್ಟು, ಕಡೆಗೆ ಮ್ಯಾನೇಜರು ಕೂಡ ನಿಜವನ್ನೇ ಹೇಳಿ, ತಾವೆಲ್ಲ ಮಾವ ಎಂದು ಕರೆಯುವ ಅಟೆಂಡರನ ಹೆಸರು ಬರೆದರು. ಕಳೆದ ಫೈಲು, ಕೆಟ್ಟ ಫ್ಯಾನು, ಮುನಿದ ಗಿರಾಕಿ, ಎಲ್ಲಕ್ಕೂ ಅವನೇ ಮದ್ದು. ಮಾವ ಮಾತ್ರ ತನ್ನ ಉತ್ತರದ ಜಾಗ ಖಾಲಿ ಬಿಟ್ಟ. ತಲೆಯಿಲ್ಲದ ಯಂತ್ರ ಅವನನ್ನು ಎಲ್ಲರ ತಲೆಯ ಮೇಲೆ ಕೂರಿಸಿತು. ಇನ್ನು ಯಾರ ರಜೆಯಾದರೂ ಅವನೇ ಮಂಜೂರು ಮಾಡಬೇಕು.

ಅದೇ ದಿನ ಬೆಳಿಗ್ಗೆ ಎದುರು ರಸ್ತೆಯ ಆಸ್ಪತ್ರೆಯಲ್ಲಿ ಮಾವನ ಮಗಳು ಹೆತ್ತಳು.

“ಅಪ್ಪಾ, ಮೊದಲು ನೀನೇ ಎತ್ಕೋಬೇಕು. ಅಲ್ಲೀವರೆಗೂ ಯಾರ ಕೈಗೂ ಕೊಡಲ್ಲ,” ಎಂದಿದ್ದಳು ಫೋನಿನಲ್ಲಿ.

ಆಸ್ಪತ್ರೆಯವರು ಒಳಗೆ ಬಿಡುವುದು ನಾಲ್ಕರಿಂದ ಐದು. ಮಾವ ಒಂದು ಗಂಟೆಯ ರಜೆ ಕೇಳಿದ. ಅರ್ಜಿ ಮೇಲಕ್ಕೆ ಹೋಗಿ, ಮೇಲೆ ಯಾರೂ ಇಲ್ಲದೆ, ಬೀಗ ಹಾಕಿದ ಮನೆ ಮುಂದಿನ ನೆಂಟನಂತೆ ನಿಂತಿತು. ರಜೆ ಮಂಜೂರಾಗದವರ ಕಾರ್ಡಿಗೆ ಐದರವರೆಗೂ ಕಚೇರಿಯ ಗೇಟು ಬಾಯಿ ಬಿಡದು.

ಇತ್ತ ಉಳಿದವರ ಅರ್ಜಿಗಳು ಮಾವನ ಫೋನಿಗೆ ಸಾಲಾಗಿ ಬಂದವು. ನಾಲ್ಕರಿಂದ ನಾಲ್ಕೂವರೆ, ಕಾರಣ, ಸ್ವಂತ ಕೆಲಸ. ಹರಟೆಗೆ ಹೊರಟಿದ್ದಾರೆಂದು ಮಾವನಿಗೆ ಮೈಯೆಲ್ಲ ಉರಿಯಿತು. ಆದರೆ ಇಲ್ಲವೆನ್ನಲು ಬಾರದ ಬೆರಳು ಎಲ್ಲವನ್ನೂ ಮಂಜೂರು ಮಾಡಿತು.

ಕಚೇರಿ ಖಾಲಿಯಾದ ಮೇಲೆ ಅವನು ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಹಚ್ಚಿದ. ಆತ ಆಕಳಿಸುತ್ತಲೇ ಮ್ಯಾನೇಜರನ್ನು ಮಾವನ ಮೇಲೆ ಕೂರಿಸಿದ; ಮ್ಯಾನೇಜರ ಮೇಲೆ ಮಾವ ಇದ್ದ ಹಾಗೇ ಇದ್ದ. ನಿಂತಿದ್ದ ಅರ್ಜಿಗೆ ತಕ್ಷಣ ಉತ್ತರ ಬಂತು: ‘ನಿಮ್ಮ ಮೇಲಧಿಕಾರಿ ರಜೆಯಲ್ಲಿದ್ದಾರೆ. ಮಂಜೂರು ಮಾಡಿದವರು: ನೀವು.’

ಅಷ್ಟರಲ್ಲಿ ಹೆಂಡತಿಯ ಫೋನು. “ರೀ, ಎಲ್ಲಿದೀರಿ? ನಿಮ್ಮ ಆಫೀಸಿಗೆ ಆಫೀಸೇ ಇಲ್ಲಿದೆ. ನೀವೇ ಕಳ್ಸಿದ್ದು ಅಂದ್ಕೊಂಡು ಇವಳು ಮಗೂನ ಸಾಹೇಬ್ರ ಕೈಗೆ ಕೊಟ್ಟುಬಿಟ್ಲು.”

ಫೋನು ಮ್ಯಾನೇಜರ ಕಿವಿಗೆ ಹೋಯಿತು. “ಮಾವ, ನೀವೀಗ ನಮಗೆಲ್ಲ ದೊಡ್ಡ ಸಾಹೇಬ್ರು. ನಿಮ್ಮನ್ಯಾರು ತಡೀತಾರೆ, ಆಗಲೇ ಬಂದಿರ್ತೀರಿ ಅಂದ್ಕೊಂಡ್ವಿ.”

ಮಾವ ರಜೆಗಾಗಿ ಗೋಗರೆದ. ರಜೆಯಲ್ಲಿರುವವನಿಗೆ ರಜೆ ಕೇಳುವ ಅಧಿಕಾರ ಮಾತ್ರ, ಕೊಡುವುದಕ್ಕೆ ಕುರ್ಚಿಗೇ ಮರಳಬೇಕು, ಇನ್ನೇನು ನಾಲ್ಕೂವರೆಗೆ ಬಂದೆ ಎಂದು ಮ್ಯಾನೇಜರು ಪಿಸುಗುಟ್ಟಿದರು.

ಮಾವ ಗೇಟಿನ ಬಳಿ ಕಾರ್ಡು ಹಿಡಿದು ನಿಂತ. ನಾಲ್ಕು ಇಪ್ಪತ್ತೆಂಟಕ್ಕೆ ಫೋನು ಕಿಣಿಗುಟ್ಟಿತು. ಮ್ಯಾನೇಜರ ಅರ್ಜಿ: ‘ಇನ್ನರ್ಧ ಗಂಟೆ ರಜೆ. ಕಾರಣ: ಮಗು ತೋಳಿನಲ್ಲೇ ನಿದ್ದೆ ಹೋಗಿದೆ.’

ಒಂದು ‘ಇಲ್ಲ’ ಒತ್ತಿದ್ದರೆ ಮ್ಯಾನೇಜರು ಕುರ್ಚಿಗೆ ಮರಳುತ್ತಿದ್ದರು, ಗೇಟು ತೆರೆಯುತ್ತಿತ್ತು. ಮಗುವಿಗೂ ಎಚ್ಚರವಾಗುತ್ತಿತ್ತು.

ಮಾವ ಮಂಜೂರು ಮಾಡಿದ.